ದೂರದ ಓಟಗಾರ ಫಡೆಪ್ಪ ಚೌಗುಲೆ

ಓಟವು ಮಾನವನಿಗೆ ನಿಸರ್ಗವೇ ಕರುಣಿಸಿದ ಶಕ್ತಿ. ವಾಹನಗಳಿಲ್ಲದ ಕಾಲದಲ್ಲಿ ಓಟವು ಅವನಿಗೆ ಆಟವಾಗಿರಲಿಲ್ಲ, ಬದುಕಿನ ಸಾಧನವಾಗಿತ್ತು. ಮೈಸೂರು ಸಂಸ್ಥಾನದಲ್ಲಿ ಚಿಕ್ಕದೇವರಾಜ ಒಡೆಯರು 1672ರಲ್ಲಿ ಆರಂಭಿಸಿದರೆಂದು ಹೇಳಲಾಗುವ ಅಂಚೆಯ ವ್ಯವಸ್ಥೆ ನಡೆದದ್ದು ಓಟಗಾರರ ಕಾಲುಗಳ ಬಲದಿಂದಲೇ. ಪತ್ರಗಳ ಚೀಲವನ್ನು ಹೊತ್ತ ಆಳು ಒಂದು ಕಟ್ಟೆಯಿಂದ ಮತ್ತೊಂದು ಕಟ್ಟೆಗೆ ಓಡುತ್ತಿದ್ದ. ಅಲ್ಲಿ ಕಾದಿರುತ್ತಿದ್ದ ಇನ್ನೊಬ್ಬ ಅದನ್ನು ಪಡೆದು ಮುಂದಕ್ಕೆ ಓಡುತ್ತಿದ್ದ. 1889ರಲ್ಲಿ ಮೈಸೂರಿನ ಅಂಚೆಯು ಬ್ರಿಟಿಷ್ ಭಾರತದ ಅಂಚೆಯಲ್ಲಿ ವಿಲೀನವಾಯಿತು. ಕಾಡು, ಹಳ್ಳ, ಮಳೆ, ಬಿಸಿಲುಗಳನ್ನು ಲೆಕ್ಕಿಸದೆ ಓಡಿದ ಆ ಜನರ ಹೆಸರುಗಳನ್ನು ಯಾರೂ ಬರೆದಿಡಲಿಲ್ಲ. ಅವರು ಎಷ್ಟು ದೂರವನ್ನು ಎಷ್ಟು ಹೊತ್ತಿನಲ್ಲಿ ಓಡಿದರೆಂದು ಅಳೆದವರೂ ಇಲ್ಲ.

ಓಟವನ್ನು ಅಳೆಯುವುದು ಬೇರೆಯೇ ಒಂದು ವಿದ್ಯೆ. ದೂರವನ್ನು ಮೊದಲೇ ನಿಗದಿಗೊಳಿಸಿ, ಹಲವರನ್ನು ಒಂದೇ ಗೆರೆಯ ಹಿಂದೆ ನಿಲ್ಲಿಸಿ, ಒಂದೇ ಕ್ಷಣದಲ್ಲಿ ಓಡಲು ಬಿಟ್ಟು, ಪ್ರತಿಯೊಬ್ಬನ ಕಾಲವನ್ನೂ ಗಡಿಯಾರದಲ್ಲಿ ನೋಡಿ ದಾಖಲಿಸುವ ಸ್ಪರ್ಧೆ ಭಾರತದ ಹಳ್ಳಿಗಳಿಗೆ ಹೊಸತಾಗಿತ್ತು. ಇಂತಹ ಓಟಗಳಲ್ಲಿ ಅತ್ಯಂತ ಕಠಿನವಾದವುಗಳಲ್ಲಿ ಒಂದು ಮ್ಯಾರಥಾನ್. ಅದರ ಇಂದಿನ ದೂರ 42 ಕಿಲೋಮೀಟರ್ 195 ಮೀಟರ್. ಬೆಂಗಳೂರು ನಗರದ ನಡುವಿನಿಂದ ಹೊರಟು, ಹೊಸೂರು ರಸ್ತೆಯನ್ನು ಹಿಡಿದು, ಬೊಮ್ಮಸಂದ್ರದ ಕಾರ್ಖಾನೆಗಳನ್ನು ದಾಟಿ, ರಾಜ್ಯದ ಗಡಿಯಾಚೆಯ ಹೊಸೂರನ್ನು ಸೇರುವುದೆಂದರೆ ಸುಮಾರು ನಲವತ್ತು ಕಿಲೋಮೀಟರ್. ಅಷ್ಟು ದೂರವನ್ನು ಎಲ್ಲಿಯೂ ಕುಳಿತುಕೊಳ್ಳದೆ ಒಂದೇ ಉಸಿರಿನ ನೇಮದಲ್ಲಿ ಓಡುವುದನ್ನು ಕಲ್ಪಿಸಿಕೊಂಡರೆ ಈ ಸ್ಪರ್ಧೆಯ ಸ್ವರೂಪ ತಿಳಿದೀತು. ಒಲಿಂಪಿಕ್ ಕ್ರೀಡೆಗಳಲ್ಲಿ ಈ ಓಟವನ್ನು ಓಡಿ ಮುಗಿಸಿದ ಮೊತ್ತಮೊದಲ ಭಾರತೀಯ ಕನ್ನಡನಾಡಿನ ಒಬ್ಬ ತರುಣ. ಅವರೇ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ.

ಇಪ್ಪತ್ತನೆಯ ಶತಮಾನವು ಕಣ್ಣು ತೆರೆಯುತ್ತಿದ್ದ ಕಾಲದಲ್ಲಿ ಚೌಗುಲೆಯವರು ಬೆಳಗಾವಿಯಲ್ಲಿ ಜನಿಸಿದರು. ಆಗ ಕನ್ನಡನಾಡು ಒಂದಾಗಿರಲಿಲ್ಲ. ಮೈಸೂರು ಅರಸರ ಆಳ್ವಿಕೆಯಲ್ಲಿತ್ತು. ಬೆಳಗಾವಿ, ಧಾರವಾಡ, ವಿಜಾಪುರ ಮತ್ತು ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಆದ್ದರಿಂದ ಬೆಳಗಾವಿಯ ಜನರ ನೋಟ ವಿದ್ಯೆಗೂ ವ್ಯಾಪಾರಕ್ಕೂ ಪುಣೆ ಮತ್ತು ಮುಂಬಯಿಗಳ ಕಡೆಗೆ ತಿರುಗಿರುತ್ತಿತ್ತು. ಬೆಳಗಾವಿ ಸಹ್ಯಾದ್ರಿಯ ಸೆರಗಿನಲ್ಲಿರುವ ಊರು. ಸುತ್ತಲೂ ಕೆಂಪು ಮಣ್ಣಿನ ದಾರಿಗಳು. ಮಳೆಗಾಲದಲ್ಲಿ ಕೆಸರು, ಬೇಸಿಗೆಯಲ್ಲಿ ಧೂಳು. ಊರೂರಿಗೂ ಗರಡಿಯ ಮನೆಗಳಿದ್ದು, ದೇಹವನ್ನು ದಂಡಿಸುವುದು ಯುವಕರಿಗೆ ಗೌರವದ ವಿಷಯವಾಗಿದ್ದ ನಾಡು ಅದು. ಆದರೆ ಓಟಕ್ಕಾಗಿ ಅಳೆದು ಹದಗೊಳಿಸಿದ ಮೈದಾನಗಳಾಗಲಿ, ದೂರದ ಓಟದ ಮರ್ಮವನ್ನು ಬಲ್ಲ ಶಿಕ್ಷಕರಾಗಲಿ ಅಲ್ಲಿ ಇರಲಿಲ್ಲ. ಸೆಕೆಂಡುಗಳನ್ನು ತೋರಿಸುವ ಗಡಿಯಾರವೇ ಅಪರೂಪದ ವಸ್ತುವಾಗಿತ್ತು. ನಾಡಿನ ರಸ್ತೆಗಳೇ ಓಟಗಾರರಿಗೆ ಶಾಲೆಯಾಗಿದ್ದವು.

ಚೌಗುಲೆಯವರ ಪ್ರತಿಭೆಗೆ ಬೆಳಕು ದೊರೆತದ್ದು ಪುಣೆಯ ಕಡೆಯಿಂದ. ಪುಣೆಯಲ್ಲಿ ಡೆಕ್ಕನ್ ಜಿಮಖಾನ ಎಂಬ ಕ್ರೀಡಾ ಸಂಸ್ಥೆಯಿತ್ತು. ಅದರ ಅಧ್ಯಕ್ಷರಾಗಿದ್ದವರು ಸರ್ ದೊರಾಬ್ಜಿ ಟಾಟಾ. ಕೈಗಾರಿಕೋದ್ಯಮಿ ಜಮ್‌ಷೆಟ್‌ಜಿ ಟಾಟಾ ಅವರ ಹಿರಿಯ ಮಗನಾದ ಇವರು, ತಂದೆಯ ಮರಣಾನಂತರ ಅವರ ಕನಸುಗಳನ್ನು ಒಂದೊಂದಾಗಿ ಕೈಗೂಡಿಸಿದವರು. 1909ರಲ್ಲಿ ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯು ಸ್ಥಾಪನೆಗೊಂಡದ್ದರಲ್ಲಿ ಇವರ ಶ್ರಮವೂ ಸೇರಿದೆ. ಯೌವನದಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಓದುತ್ತಿದ್ದಾಗ ಕ್ರೀಡೆಗಳ ಸವಿಯನ್ನು ಕಂಡಿದ್ದ ದೊರಾಬ್ಜಿಯವರು, ಭಾರತದ ವಿದ್ಯಾರ್ಥಿಗಳಿಗೂ ಆ ಸವಿ ದೊರೆಯಬೇಕೆಂದು ಮುಂಬಯಿಯ ಶಾಲಾಕಾಲೇಜುಗಳಲ್ಲಿ ಕ್ರೀಡಾಸ್ಪರ್ಧೆಗಳಿಗೆ ಪ್ರೋತ್ಸಾಹ ನೀಡುತ್ತಿದ್ದರು.

1919ರಲ್ಲಿ ಡೆಕ್ಕನ್ ಜಿಮಖಾನದ ಕ್ರೀಡಾಕೂಟವನ್ನು ನೋಡುತ್ತಿದ್ದಾಗ ದೊರಾಬ್ಜಿಯವರ ಕಣ್ಣಿಗೆ ಒಂದು ವಿಸ್ಮಯ ಬಿತ್ತು. ದೂರದ ಓಟಗಳಲ್ಲಿ ಸ್ಪರ್ಧಿಸಲು ಬಂದಿದ್ದವರಲ್ಲಿ ಬಹುಮಂದಿ ರೈತರ ಮಕ್ಕಳು. ಅವರ ಕಾಲಿನಲ್ಲಿ ಪಾದರಕ್ಷೆಗಳಿರಲಿಲ್ಲ. ಅವರಿಗೆ ತರಬೇತಿ ದೊರೆತಿರಲಿಲ್ಲ. ಸ್ಪರ್ಧೆಯ ನಿಯಮಗಳೂ ಚೆನ್ನಾಗಿ ತಿಳಿದಿರಲಿಲ್ಲ. ಓಡಬೇಕಾಗಿದ್ದ ರಸ್ತೆಗಳಾದರೋ ಕಲ್ಲುಮುಳ್ಳುಗಳಿಂದ ತುಂಬಿದ್ದವು. ಇಷ್ಟಾದರೂ ಅವರಲ್ಲಿ ಕೆಲವರು ಓಡಿ ಮುಗಿಸಿದ ಕಾಲವು ಯೂರೋಪಿನ ನುರಿತ ಓಟಗಾರರ ಕಾಲಕ್ಕೆ ಹತ್ತಿರವಾಗಿತ್ತು. ಯಾವ ಅನುಕೂಲವೂ ಇಲ್ಲದೆ ಇಷ್ಟನ್ನು ಸಾಧಿಸಿದವರು, ಅನುಕೂಲಗಳು ದೊರೆತರೆ ಏನನ್ನು ಸಾಧಿಸಲಾರರು ಎಂಬ ಆಲೋಚನೆ ಅವರ ಮನಸ್ಸಿನಲ್ಲಿ ಮೂಡಿತು. ಮರುವರ್ಷ ಬೆಲ್ಜಿಯಂ ದೇಶದ ಆಂಟ್‌ವರ್ಪ್ ನಗರದಲ್ಲಿ ನಡೆಯಲಿದ್ದ ಒಲಿಂಪಿಕ್ ಕ್ರೀಡೆಗಳಿಗೆ ಭಾರತದ ಓಟಗಾರರನ್ನು ಕಳುಹಿಸಬೇಕೆಂದು ಅವರು ನಿಶ್ಚಯಿಸಿದರು.

ಇದು ಸುಲಭದ ಕಾರ್ಯವಾಗಿರಲಿಲ್ಲ. ಭಾರತಕ್ಕೆ ತನ್ನದೇ ಆದ ಒಲಿಂಪಿಕ್ ಸಂಸ್ಥೆ ಇರಲಿಲ್ಲ. 1900ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿ ಬೆಳೆದ ನಾರ್ಮನ್ ಪ್ರಿಚರ್ಡ್ ಎಂಬಾತ ಪ್ಯಾರಿಸ್ಸಿನಲ್ಲಿ ಓಡಿ ಎರಡು ಬೆಳ್ಳಿಯ ಪದಕಗಳನ್ನು ಪಡೆದಿದ್ದನಾದರೂ, ಈ ದೇಶದಿಂದ ಒಂದು ತಂಡವೆಂಬುದು ಹೋಗಿರಲಿಲ್ಲ. ಮುಂಬಯಿ ಪ್ರಾಂತದ ಗವರ್ನರರಾಗಿದ್ದ ಸರ್ ಜಾರ್ಜ್ ಲಾಯ್ಡ್ ಅವರ ನೆರವಿನಿಂದ ಭಾರತಕ್ಕೆ ಭಾಗವಹಿಸುವ ಅವಕಾಶ ದೊರೆಯಿತು. ಮೂವರು ಉತ್ತಮ ಓಟಗಾರರ ವೆಚ್ಚವನ್ನು ಭರಿಸಲು ದೊರಾಬ್ಜಿಯವರು ತಾವಾಗಿಯೇ ಮುಂದೆ ಬಂದರು. ಉಳಿದ ಹಣವನ್ನು ಸರಕಾರದಿಂದಲೂ ಸಾರ್ವಜನಿಕರಿಂದಲೂ ಕೂಡಿಸಬೇಕಾಯಿತು. ಆ ದಿನಗಳ ನಮ್ಮ ಅನನುಭವವನ್ನು ತಿಳಿಸುವ ಒಂದು ಪ್ರಸಂಗವಿದೆ. ಒಲಿಂಪಿಕ್ಕಿನಲ್ಲಿ ನೂರು ಮೀಟರ್ ಓಟಕ್ಕೆ ಎಷ್ಟು ಕಾಲ ಹಿಡಿಯಬಹುದೆಂಬ ಪ್ರಶ್ನೆ ವ್ಯವಸ್ಥಾಪಕರ ನಡುವೆ ಎದ್ದಾಗ, ಒಂದೆರಡು ನಿಮಿಷಗಳಾಗಬಹುದೆಂದು ಒಬ್ಬರು ಉತ್ತರವಿತ್ತರಂತೆ. ಅದನ್ನು ಅಳೆಯುವುದು ನಿಮಿಷಗಳಲ್ಲಿ ಅಲ್ಲ, ಸೆಕೆಂಡುಗಳಲ್ಲಿ ಮತ್ತು ಸೆಕೆಂಡಿನ ಹತ್ತನೆಯ ಒಂದು ಭಾಗಗಳಲ್ಲಿ ಎಂದು ತಿಳಿದಾಗ ಅವರು ಬೆರಗಾದರಂತೆ. ತಂಡವನ್ನು ಕಳುಹಿಸುವವರ ಅರಿವೇ ಇಷ್ಟಿದ್ದಾಗ, ಹಳ್ಳಿಗಳಿಂದ ಬಂದ ಓಟಗಾರರಿಗೆ ಎಂತಹ ಮಾರ್ಗದರ್ಶನ ದೊರೆತಿದ್ದೀತು!

ಪುಣೆಯಲ್ಲಿ ಆಯ್ಕೆಯ ಸ್ಪರ್ಧೆಗಳು ನಡೆದವು. ಬೆಳಗಾವಿಯಿಂದ ಬಂದ ಚೌಗುಲೆಯವರು ದೂರದ ಓಟಕ್ಕೆ ಆಯ್ಕೆಯಾದರು. ಅವರೊಡನೆ ಸದಾಶಿವ ದಾತಾರ್ ಎಂಬ ಇನ್ನೊಬ್ಬ ಮ್ಯಾರಥಾನ್ ಓಟಗಾರರೂ, ಕೈಕಾಡಿಯವರೂ, ಬಂಗಾಲದ ಪೂರ್ಮಾ ಬ್ಯಾನರ್ಜಿಯವರೂ ತಂಡದಲ್ಲಿದ್ದರು. ನಾಲ್ವರು ಓಟಗಾರರ ಜೊತೆಗೆ ನವಲೆ ಮತ್ತು ಶಿಂದೆ ಎಂಬ ಇಬ್ಬರು ಕುಸ್ತಿಪಟುಗಳೂ ಸೇರಿದರು. ಒಟ್ಟು ಆರು ಮಂದಿ. ಅವರ ಮೇಲ್ವಿಚಾರಣೆಗೆ ಸೊಹ್ರಾಬ್ ಭೂತ್ ಮತ್ತು ಫೈಜಿಯವರು ನೇಮಕಗೊಂಡರು. ಮೂವತ್ತು ಕೋಟಿಗೂ ಹೆಚ್ಚು ಜನರಿದ್ದ ದೇಶದಿಂದ ಹೊರಟ ತಂಡ ಇಷ್ಟೇ.

1920ರ ಜೂನ್ ತಿಂಗಳಿನಲ್ಲಿ ತಂಡವು ಮುಂಬಯಿಯಿಂದ ಹಡಗಿನಲ್ಲಿ ಹೊರಟಿತು. ಅಂದು ಯೂರೋಪನ್ನು ತಲುಪಲು ವಾರಗಳೇ ಬೇಕಾಗುತ್ತಿದ್ದವು. ದಿನವೂ ಹರದಾರಿಗಟ್ಟಲೆ ಓಡಿ ಅಭ್ಯಾಸವಾದವರಿಗೆ ಹಡಗಿನ ಅಟ್ಟವೇ ಮೈದಾನವಾಯಿತು. ಸ್ಪರ್ಧೆಗೆ ಮೊದಲು ಅವರು ಕೆಲವು ವಾರಗಳ ಕಾಲ ಇಂಗ್ಲೆಂಡಿನಲ್ಲಿ ತರಬೇತಿ ಪಡೆದರು. ಅಲ್ಲಿನ ಹವೆ ಹೊಸತು, ಆಹಾರ ಹೊಸತು, ಮಾತು ಹೊಸತು. ನಮ್ಮವರು ತಮ್ಮ ದೇಹದ ಸೂಚನೆಯನ್ನಷ್ಟೇ ಕೇಳಿ ಓಡಿದವರು. ಎಷ್ಟು ಬೇಗ ಆರಂಭಿಸಬೇಕು, ಎಲ್ಲಿ ವೇಗವನ್ನು ಹಿಡಿದಿಡಬೇಕು, ಯಾವಾಗ ನೀರು ಕುಡಿಯಬೇಕು, ಸ್ಪರ್ಧೆಗೆ ಎಷ್ಟು ದಿನ ಮುಂಚೆ ವಿಶ್ರಾಂತಿ ಪಡೆಯಬೇಕು ಎಂಬ ವಿಷಯಗಳನ್ನು ಯೂರೋಪಿನ ಓಟಗಾರರು ವರ್ಷಗಟ್ಟಲೆ ಅಭ್ಯಾಸ ಮಾಡಿ ಅರಿತಿದ್ದರು. ಅದನ್ನೆಲ್ಲ ಕೆಲವೇ ವಾರಗಳಲ್ಲಿ ಕಲಿಯುವುದು ಯಾರಿಗೂ ಸಾಧ್ಯವಿರಲಿಲ್ಲ.

ಆಂಟ್‌ವರ್ಪ್ ನಗರವೂ ಆಗ ಸಂಪತ್ತಿನ ಸ್ಥಿತಿಯಲ್ಲಿರಲಿಲ್ಲ. 1914ರಿಂದ 1918ರವರೆಗೆ ನಡೆದ ಮಹಾಯುದ್ಧದಲ್ಲಿ ಬೆಲ್ಜಿಯಂ ದೇಶವು ಶತ್ರುಸೈನ್ಯದ ತುಳಿತಕ್ಕೆ ಸಿಕ್ಕಿ ನಲುಗಿತ್ತು. 1916ರಲ್ಲಿ ಬರ್ಲಿನ್ನಿನಲ್ಲಿ ನಡೆಯಬೇಕಾಗಿದ್ದ ಒಲಿಂಪಿಕ್ ಕ್ರೀಡೆಗಳು ಯುದ್ಧದಿಂದಾಗಿ ನಡೆಯಲೇ ಇಲ್ಲ. ಯುದ್ಧವು ಮುಗಿದೊಡನೆ, ನೊಂದ ಆ ದೇಶದ ಗೌರವಾರ್ಥವಾಗಿ ಕ್ರೀಡೆಗಳನ್ನು ಆಂಟ್‌ವರ್ಪ್‌ಗೆ ಒಪ್ಪಿಸಲಾಗಿತ್ತು. ಸಿದ್ಧತೆಗೆ ದೊರೆತದ್ದು ಒಂದು ವರ್ಷಕ್ಕಿಂತ ತುಸು ಹೆಚ್ಚಿನ ಕಾಲ ಮಾತ್ರ. ಆದರೂ ಅಲ್ಲಿ ಕೆಲವು ಶುಭ ಸಂಪ್ರದಾಯಗಳು ಹುಟ್ಟಿದವು. ಐದು ಬಳೆಗಳ ಒಲಿಂಪಿಕ್ ಧ್ವಜವು ಕ್ರೀಡೆಗಳಲ್ಲಿ ಮೊದಲ ಬಾರಿಗೆ ಹಾರಿದ್ದು ಅಲ್ಲಿಯೇ. ಕ್ರೀಡಾಪಟುಗಳ ಪರವಾಗಿ ಪ್ರತಿಜ್ಞೆಯನ್ನು ಸ್ವೀಕರಿಸುವ ಪದ್ಧತಿ ಆರಂಭವಾದದ್ದೂ ಅಲ್ಲಿಯೇ. ಆಗಸ್ಟ್ 14ರಂದು ನಡೆದ ಉದ್ಘಾಟನೆಯಲ್ಲಿ ಭಾರತದ ತಂಡದ ಮುಂದೆ ಪೂರ್ಮಾ ಬ್ಯಾನರ್ಜಿಯವರು ಧ್ವಜವನ್ನು ಹಿಡಿದು ನಡೆದರು. ಭಾರತವು ಪರತಂತ್ರವಾಗಿತ್ತು. ಆದ್ದರಿಂದ ಆ ತಂಡಕ್ಕೆ ತನ್ನದೆನ್ನಬಹುದಾದ ಧ್ವಜವೇ ಇರಲಿಲ್ಲ.

ಚೌಗುಲೆಯವರು ಮೈದಾನದ 10,000 ಮೀಟರ್ ಓಟಕ್ಕೂ ಇಳಿದಿದ್ದರು. ಅದರಲ್ಲಿ ಅವರಿಗೆ ಯಶಸ್ಸು ಲಭಿಸಲಿಲ್ಲ. ಕೆಲವೇ ದಿನಗಳಲ್ಲಿ, ಆಗಸ್ಟ್ 22ರಂದು, ಮ್ಯಾರಥಾನ್ ಸ್ಪರ್ಧೆ ನಡೆಯಲಿತ್ತು. ಈ ಓಟದ ಮೂಲವು ಪುರಾತನ ಗ್ರೀಸಿನ ಒಂದು ಐತಿಹ್ಯದಲ್ಲಿದೆ. ಕ್ರಿಸ್ತಪೂರ್ವ 490ರಲ್ಲಿ ಮ್ಯಾರಥಾನ್ ಎಂಬ ಬಯಲಿನಲ್ಲಿ ಪರ್ಷಿಯನ್ನರನ್ನು ಗೆದ್ದ ಸುದ್ದಿಯನ್ನು ಓರ್ವ ದೂತನು ಅಥೆನ್ಸಿನವರೆಗೆ ಓಡಿ ತಲುಪಿಸಿದನೆಂದೂ, ಸುದ್ದಿಯನ್ನು ಹೇಳಿದೊಡನೆ ಪ್ರಾಣಬಿಟ್ಟನೆಂದೂ ಹೇಳುತ್ತಾರೆ. 1896ರಲ್ಲಿ ಅಥೆನ್ಸಿನಲ್ಲಿ ಒಲಿಂಪಿಕ್ ಕ್ರೀಡೆಗಳು ಪುನರಾರಂಭವಾದಾಗ ಆ ನೆನಪಿಗಾಗಿ ಸುಮಾರು 40 ಕಿಲೋಮೀಟರುಗಳ ಓಟವನ್ನು ಏರ್ಪಡಿಸಿದರು. ಸ್ಪಿರಿಡಾನ್ ಲೂಯಿಸ್ ಎಂಬ ಗ್ರೀಕನು ಅದನ್ನು ಗೆದ್ದನು. ಅಲ್ಲಿಂದ ಮುಂದೆ ದೂರವು ಊರಿಂದೂರಿಗೆ ಬದಲಾಗುತ್ತಿತ್ತು. 1908ರಲ್ಲಿ ಲಂಡನ್ನಿನಲ್ಲಿ ಓಡಿದ 42.195 ಕಿಲೋಮೀಟರನ್ನು ಶಾಶ್ವತ ಪ್ರಮಾಣವೆಂದು ಅಂಗೀಕರಿಸಿದ್ದು 1921ರಲ್ಲಿ. ಹೀಗಾಗಿ 1920ರ ಓಟದ ದೂರವು 42.75 ಕಿಲೋಮೀಟರ್ ಆಗಿತ್ತು. ಒಲಿಂಪಿಕ್ ಇತಿಹಾಸದಲ್ಲಿ ಇದಕ್ಕಿಂತ ದೀರ್ಘವಾದ ಮ್ಯಾರಥಾನ್ ಬೇರೊಂದಿಲ್ಲ. ಚೌಗುಲೆಯವರ ಪಾಲಿಗೆ ಬಂದದ್ದು ಆ ಓಟವೇ.

ಅಂದು ಆಂಟ್‌ವರ್ಪಿನಲ್ಲಿ ಹವೆ ತಂಪಾಗಿತ್ತು. ಮಳೆಯ ಹನಿಗಳು ಉದುರುತ್ತಿದ್ದವು. ನಲವತ್ತಕ್ಕೂ ಹೆಚ್ಚು ಓಟಗಾರರು ಕ್ರೀಡಾಂಗಣದಿಂದ ಹೊರಟು ನಗರದ ಹೊರಗಿನ ರಸ್ತೆಗಳನ್ನು ಹಿಡಿದರು. ದಕ್ಷಿಣ ಆಫ್ರಿಕದ ಕ್ರಿಶ್ಚಿಯನ್ ಗಿಟ್‌ಶಮ್ ಮೊದಲು ಮುನ್ನಡೆದನು. ಎಂಟು ವರ್ಷಗಳ ಹಿಂದೆ ಸ್ಟಾಕ್‌ಹೋಮಿನಲ್ಲಿ ಇದೇ ಸ್ಪರ್ಧೆಯಲ್ಲಿ ಬೆಳ್ಳಿಯ ಪದಕವನ್ನು ಪಡೆದಿದ್ದವನು ಆತ. ಅವನ ಹಿಂದೆಯೇ ಫಿನ್ಲೆಂಡಿನ ಹಾನ್ನೆಸ್ ಕೊಲೆಹ್‌ಮೈನೆನ್ ಸಮವೇಗದಲ್ಲಿ ಓಡುತ್ತಿದ್ದನು. ಈತ 1912ರಲ್ಲಿ ಮೂರು ಚಿನ್ನದ ಪದಕಗಳನ್ನು ಗೆದ್ದ ವೀರ. ಹೊಟ್ಟೆಪಾಡಿಗಾಗಿ ಇಟ್ಟಿಗೆಯ ಗೋಡೆ ಕಟ್ಟುವ ಕೆಲಸ ಮಾಡಿದವನು. ಓಟದ ಉತ್ತರಾರ್ಧದಲ್ಲಿ ಗಿಟ್‌ಶಮ್‌ನ ಕಾಲು ನೊಂದಿತು. ಅವನು ಹಿಂದೆ ಬಿದ್ದು, ಕೊನೆಗೆ ಓಟವನ್ನೇ ನಿಲ್ಲಿಸಬೇಕಾಯಿತು. ಕೊಲೆಹ್‌ಮೈನೆನ್ ಮುಂದೆ ಸಾಗಿದನು. ಎಸ್ಟೋನಿಯದ ಯೂರಿ ಲೊಸ್‌ಮನ್ ಅವನನ್ನು ಬೆನ್ನಟ್ಟಿ ಬಂದನಾದರೂ ಹದಿಮೂರು ಸೆಕೆಂಡುಗಳ ಅಂತರದಲ್ಲಿ ಎರಡನೆಯವನಾದನು. ಕೊಲೆಹ್‌ಮೈನೆನ್ ತೆಗೆದುಕೊಂಡ ಕಾಲ 2 ಗಂಟೆ 32 ನಿಮಿಷ 35.8 ಸೆಕೆಂಡು. ಮೂರನೆಯವನಾಗಿ ಬಂದ ಇಟಲಿಯ ವಲೇರಿಯೊ ಅರ್ರಿ ಸಂತೋಷದಿಂದ ಲಾಗ ಹಾಕಿ ಜನರನ್ನು ನಗಿಸಿದನು.

ಚೌಗುಲೆಯವರು ಇನ್ನೂ ರಸ್ತೆಯಲ್ಲಿದ್ದರು. ಮ್ಯಾರಥಾನ್ ಓಟದ ನಿಜವಾದ ಪರೀಕ್ಷೆ ಕೊನೆಯ ಹತ್ತು ಹನ್ನೆರಡು ಕಿಲೋಮೀಟರುಗಳಲ್ಲಿದೆ. ಸ್ನಾಯುಗಳಲ್ಲಿಯೂ ಯಕೃತ್ತಿನಲ್ಲಿಯೂ ದೇಹವು ಸಕ್ಕರೆಯ ಅಂಶವನ್ನು ಕೂಡಿಟ್ಟಿರುತ್ತದೆ. ವೇಗವಾಗಿ ಓಡುವವನಿಗೆ ಆ ಸಂಗ್ರಹವು ಸುಮಾರು ಮೂವತ್ತು ಕಿಲೋಮೀಟರುಗಳವರೆಗೆ ಮಾತ್ರ ಒದಗುತ್ತದೆ. ಅದು ಬರಿದಾದ ಮೇಲೆ ದೇಹವು ಕೊಬ್ಬನ್ನು ಹೆಚ್ಚಾಗಿ ಅವಲಂಬಿಸಬೇಕಾಗುತ್ತದೆ. ಅದರಿಂದ ಶಕ್ತಿಯು ನಿಧಾನವಾಗಿ ಒದಗುತ್ತದೆ. ಕಾಲುಗಳು ಸೀಸದಂತೆ ಭಾರವಾಗುತ್ತವೆ. ಹೆಜ್ಜೆ ಕಿರಿದಾಗುತ್ತದೆ. ನಿಲ್ಲು ಎಂದು ದೇಹವೆಲ್ಲ ಮೊರೆಯಿಡುತ್ತದೆ. ಆರಂಭದಲ್ಲಿ ಅತಿಯಾಗಿ ವೇಗಗೊಂಡವನು ಇಲ್ಲಿ ಅದರ ಬೆಲೆಯನ್ನು ತೆರಬೇಕಾಗುತ್ತದೆ. ಅಂದು ಹತ್ತಕ್ಕೂ ಹೆಚ್ಚು ಓಟಗಾರರು ದಾರಿಯಲ್ಲಿಯೇ ಓಟವನ್ನು ಕೈಬಿಟ್ಟರು. ಭಾರತದ ದಾತಾರ್ ಅವರಿಗೂ ಓಟವನ್ನು ಪೂರೈಸಲಾಗಲಿಲ್ಲ. ಅವರ ಪ್ರಯತ್ನವೇನೂ ಕಡಿಮೆಯದಾಗಿರಲಿಲ್ಲ. ಗಿಟ್‌ಶಮ್‌ನಂತಹ ಅನುಭವಿಯನ್ನೂ ಆ ರಸ್ತೆ ಮಣಿಸಿತ್ತು.

ಆ ಅಪರಿಚಿತ ರಸ್ತೆಯಲ್ಲಿ ಭಾರತದ ಪರವಾಗಿ ಉಳಿದವರು ಚೌಗುಲೆಯವರೊಬ್ಬರೇ. ಪದಕದ ಆಸೆ ಆ ವೇಳೆಗೆ ಯಾರಿಗೂ ಉಳಿದಿರಲಾರದು. ನಿಂತುಬಿಟ್ಟಿದ್ದರೆ ದೂಷಿಸುವವರೂ ಇರಲಿಲ್ಲ. ಆದರೆ ಅವರು ನಿಲ್ಲಲಿಲ್ಲ. ಹತ್ತೊಂಬತ್ತನೆಯವರಾಗಿ ಕ್ರೀಡಾಂಗಣವನ್ನು ಪ್ರವೇಶಿಸಿ ಓಟವನ್ನು ಪೂರೈಸಿದರು. ದಾಖಲೆಯ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ 2 ಗಂಟೆ 50 ನಿಮಿಷ 45.4 ಸೆಕೆಂಡು ಎಂದು ಬರೆಯಲಾಯಿತು.

ಈ ಅಂಕಿಯನ್ನು ಬಿಡಿಸಿ ನೋಡಿದರೆ ಅದರ ಬೆಲೆ ತಿಳಿಯುತ್ತದೆ. 42.75 ಕಿಲೋಮೀಟರನ್ನು ಈ ಕಾಲದಲ್ಲಿ ಓಡಿದರೆಂದರೆ ಪ್ರತಿಯೊಂದು ಕಿಲೋಮೀಟರಿಗೆ ಸುಮಾರು ನಾಲ್ಕು ನಿಮಿಷ ಹಿಡಿಯಿತೆಂದಾಯಿತು. ಅಂದರೆ ಗಂಟೆಗೆ ಹದಿನೈದು ಕಿಲೋಮೀಟರುಗಳ ವೇಗ. ಆರೋಗ್ಯವಂತನಾದ ವಿದ್ಯಾರ್ಥಿಯೊಬ್ಬನು ಇದೇ ವೇಗದಲ್ಲಿ ಒಂದು ಕಿಲೋಮೀಟರ್ ಓಡಿ ನೋಡಿದರೆ ಸಾಕು, ಅದು ಎಷ್ಟು ಕಷ್ಟವೆಂಬುದು ಮನವರಿಕೆಯಾದೀತು. ಚೌಗುಲೆಯವರು ಅದನ್ನು ನಲವತ್ತೆರಡು ಬಾರಿಗಿಂತಲೂ ಹೆಚ್ಚಾಗಿ, ಎಡೆಬಿಡದೆ ಮಾಡಿದರು. ಜಗತ್ತಿನ ಶ್ರೇಷ್ಠ ಓಟಗಾರನಿಗೂ ಅವರಿಗೂ ಇದ್ದ ಅಂತರ ಹದಿನೆಂಟು ನಿಮಿಷ ಹತ್ತು ಸೆಕೆಂಡು. ಒಬ್ಬನ ಬೆನ್ನ ಹಿಂದೆ ಹತ್ತು ವರ್ಷಗಳಿಗೂ ಮೀರಿದ ಸ್ಪರ್ಧೆಯ ಅನುಭವವಿತ್ತು. ಇನ್ನೊಬ್ಬರ ಬೆನ್ನ ಹಿಂದೆ ಬೆಳಗಾವಿಯ ಮಣ್ಣಿನ ದಾರಿಗಳೂ ಕೆಲವೇ ವಾರಗಳ ತರಬೇತಿಯೂ ಇದ್ದವು. ಇದನ್ನು ಗಮನಿಸಿದಾಗ ಆ ಹದಿನೆಂಟು ನಿಮಿಷಗಳು ಸೋಲಿನ ಅಳತೆಯೆನಿಸುವುದಿಲ್ಲ. ನಮ್ಮವರಿಗೆ ಒದಗದೆ ಹೋದ ಶಿಕ್ಷಣದ ಅಳತೆ ಅದು.

ಆ ಓಟದಲ್ಲಿ ಮತ್ತೊಂದು ಮಾತು ಅಡಗಿದೆ. ಕೊಲೆಹ್‌ಮೈನೆನ್ 1912ರಲ್ಲಿ ಮೊದಲ ಬಾರಿ ಗೆದ್ದಾಗ ಅವನ ತಾಯ್ನಾಡಾದ ಫಿನ್ಲೆಂಡು ರಷ್ಯದ ಚಕ್ರವರ್ತಿಯ ಅಧೀನದಲ್ಲಿತ್ತು. ಅವನ ವಿಜಯದ ಗೌರವಾರ್ಥ ಏರಿದ್ದು ರಷ್ಯದ ಧ್ವಜ. ಅದನ್ನು ಕಂಡಾಗ, ತಾನು ಗೆಲ್ಲದಿದ್ದರೇ ಒಳ್ಳೆಯದಿತ್ತು ಎಂಬಷ್ಟು ವ್ಯಥೆ ಅವನಿಗಾಯಿತಂತೆ. 1917ರಲ್ಲಿ ಫಿನ್ಲೆಂಡು ಸ್ವತಂತ್ರವಾಯಿತು. 1920ರಲ್ಲಿ ಅವನು ಓಡಿದ್ದು ತನ್ನ ನಾಡಿನ ಧ್ವಜಕ್ಕಾಗಿ. ಎರಡನೆಯವನಾದ ಲೊಸ್‌ಮನ್‌ನ ಎಸ್ಟೋನಿಯವೂ 1918ರಲ್ಲಿ ಸ್ವಾತಂತ್ರ್ಯವನ್ನು ಸಾರಿ, ಮೊದಲ ಬಾರಿಗೆ ತನ್ನ ಹೆಸರಿನಲ್ಲಿಯೇ ಒಲಿಂಪಿಕ್ಕಿಗೆ ಬಂದಿತ್ತು. ಹೀಗೆ ಹೊಸದಾಗಿ ಬಿಡುಗಡೆಗೊಂಡ ಎರಡು ಪುಟ್ಟ ದೇಶಗಳು ಮೊದಲ ಎರಡು ಸ್ಥಾನಗಳನ್ನು ಪಡೆದವು. ಅದೇ ರಸ್ತೆಯಲ್ಲಿ, ಬಿಡುಗಡೆಗೆ ಇನ್ನೂ ಇಪ್ಪತ್ತೇಳು ವರ್ಷ ಕಾಯಬೇಕಾಗಿದ್ದ ದೇಶವೊಂದರ ರೈತನಾಡಿನ ಯುವಕರು ಓಡುತ್ತಿದ್ದರು. ಭಾರತೀಯರು ದೈಹಿಕವಾಗಿ ದುರ್ಬಲರೆಂಬ ಮಾತು ಆಳುವವರ ಬಾಯಲ್ಲಿ ಹರಿದಾಡುತ್ತಿದ್ದ ಕಾಲ ಅದು. ಆ ಮಾತಿಗೆ ಚೌಗುಲೆಯವರು ಭಾಷಣದಿಂದ ಉತ್ತರ ಕೊಡಲಿಲ್ಲ. ಓಡಿ ಮುಗಿಸಿ ಉತ್ತರ ಕೊಟ್ಟರು.

ಭಾರತ ತಂಡಕ್ಕೆ ಆಂಟ್‌ವರ್ಪಿನಲ್ಲಿ ಪದಕಗಳು ದೊರೆಯಲಿಲ್ಲ. ಕುಸ್ತಿಯಲ್ಲಿ ಶಿಂದೆಯವರು ನಾಲ್ಕನೆಯ ಸ್ಥಾನದವರೆಗೆ ಏರಿದ್ದೇ ಎಲ್ಲರಿಗಿಂತ ಮೇಲಿನ ಸಾಧನೆ. ಆದರೆ ಆ ಪ್ರಯಾಣವು ವ್ಯರ್ಥವಾಗಲಿಲ್ಲ. ನಮ್ಮವರ ಕಾಲುಗಳಲ್ಲಿ ಬಲವಿದೆ, ಅದಕ್ಕೆ ಕ್ರಮಬದ್ಧವಾದ ಶಿಕ್ಷಣ ಬೇಕು ಎಂಬ ಪಾಠವನ್ನು ಹಿಂದಿರುಗಿದವರು ಹೊತ್ತು ತಂದರು. ಮುಂದೆ 1924ರ ಪ್ಯಾರಿಸ್ ಕ್ರೀಡೆಗಳಿಗೆ ಇನ್ನೂ ದೊಡ್ಡದಾದ ತಂಡ ಹೋಯಿತು. 1927ರಲ್ಲಿ ಭಾರತೀಯ ಒಲಿಂಪಿಕ್ ಸಂಸ್ಥೆಯು ಸ್ಥಾಪನೆಗೊಂಡು ದೊರಾಬ್ಜಿ ಟಾಟಾ ಅವರೇ ಅದರ ಪ್ರಥಮ ಅಧ್ಯಕ್ಷರಾದರು. ಮರುವರ್ಷವೇ ಆಮ್‌ಸ್ಟರ್‌ಡ್ಯಾಮಿನಲ್ಲಿ ಭಾರತದ ಹಾಕಿ ತಂಡವು ಚಿನ್ನದ ಪದಕವನ್ನು ಗೆದ್ದಿತು. ಈ ಕಟ್ಟಡದ ಅಡಿಗಲ್ಲುಗಳಲ್ಲಿ ಆಂಟ್‌ವರ್ಪಿನ ಆರು ಮಂದಿಯ ಬೆವರೂ ಸೇರಿದೆ.

ಚೌಗುಲೆಯವರ ಸ್ಥಾನ ಎಷ್ಟು ಹಿರಿದಾದುದೆಂಬುದನ್ನು ಮುಂದಿನ ಕಾಲವೇ ತೋರಿಸಿಕೊಟ್ಟಿತು. ಅವರ ಬಳಿಕ ಹಲವು ಭಾರತೀಯರು ಒಲಿಂಪಿಕ್ ಮ್ಯಾರಥಾನಿನಲ್ಲಿ ಓಡಿದರು. ತರಬೇತಿ ಬೆಳೆಯಿತು, ಸೌಕರ್ಯಗಳು ಹೆಚ್ಚಿದವು, ಓಟದ ಕಾಲವೂ ಕಡಿಮೆಯಾಯಿತು. ಅದಕ್ಕೆ ತಕ್ಕಂತೆ ಜಗತ್ತಿನ ಸ್ಪರ್ಧೆಯೂ ತೀವ್ರವಾಯಿತು. ಹತ್ತೊಂಬತ್ತಕ್ಕಿಂತ ಮೇಲಿನ ಸ್ಥಾನವನ್ನು ಒಬ್ಬ ಭಾರತೀಯನು ಪಡೆಯಲು 1976ರವರೆಗೆ, ಅಂದರೆ ಐವತ್ತಾರು ವರ್ಷಗಳ ಕಾಲ ಕಾಯಬೇಕಾಯಿತು. ಆ ವರ್ಷ ಮಾಂಟ್ರಿಯಲ್ ನಗರದಲ್ಲಿ ಬಿಹಾರದ ಶಿವನಾಥ ಸಿಂಗ್ ಹನ್ನೊಂದನೆಯವರಾದರು. ಬರಿಗಾಲಿನ ಓಟಕ್ಕೆ ಹೆಸರಾದವರು ಅವರು. 1919ರಲ್ಲಿ ಪುಣೆಯ ಮೈದಾನದಲ್ಲಿ ಕಾಣಿಸಿದ ಬರಿಗಾಲುಗಳ ಪರಂಪರೆ ಅಷ್ಟು ದೂರ ಸಾಗಿ ಬಂದಿತ್ತು.

1956ರಲ್ಲಿ ಬೆಳಗಾವಿ ಜಿಲ್ಲೆಯು ಏಕೀಕೃತ ರಾಜ್ಯವನ್ನು ಸೇರಿತು. ಆ ಜಿಲ್ಲೆಯ ಮೊದಲ ಒಲಿಂಪಿಕ್ ಓಟಗಾರರೆಂಬ ಹೆಮ್ಮೆ ಚೌಗುಲೆಯವರದು. ಅವರು ತೀರಿಕೊಂಡು ದಶಕಗಳೇ ಕಳೆದಿವೆ. ಗೆದ್ದವರ ಹೆಸರನ್ನು ಲೋಕವು ಹಾಡಿ ಹೊಗಳುತ್ತದೆ. ಹತ್ತೊಂಬತ್ತನೆಯವನನ್ನು ಕೇಳುವವರು ಕಡಿಮೆ. ಆದುದರಿಂದ ಕನ್ನಡನಾಡಿನ ಹೊರಗೆ ಮಾತ್ರವಲ್ಲ, ಒಳಗೂ ಅವರ ಹೆಸರನ್ನು ಬಲ್ಲವರು ಅನೇಕರಿಲ್ಲ.

ಇಂದು ರಸ್ತೆಯ ಓಟವು ಕೆಲವೇ ಮಂದಿಯ ಸಾಹಸವಾಗಿ ಉಳಿದಿಲ್ಲ. ಬೆಂಗಳೂರಿನಲ್ಲಿ 2008ರಲ್ಲಿ ಹತ್ತು ಕಿಲೋಮೀಟರುಗಳ ಅಂತಾರಾಷ್ಟ್ರೀಯ ಓಟವು ಆರಂಭವಾಗಿ, ಸಾವಿರಾರು ಜನರು ಅದರಲ್ಲಿ ಪಾಲ್ಗೊಳ್ಳುತ್ತಾ ಬಂದಿದ್ದಾರೆ. ಗೆಲ್ಲುವವರು ಬೆರಳೆಣಿಕೆಯವರು, ಉಳಿದವರೆಲ್ಲ ಓಡಿ ಮುಗಿಸುವುದನ್ನೇ ಗುರಿಯಾಗಿ ಇಟ್ಟುಕೊಂಡವರು. ನಗರದ ಅಂಚಿನ ಬೊಮ್ಮಸಂದ್ರದಂತಹ ಊರಿನಲ್ಲಿ, ಕಾರ್ಖಾನೆಯ ಪಾಳಿ ಆರಂಭವಾಗುವುದಕ್ಕೆ ಮೊದಲು ನಸುಕಿನಲ್ಲಿ ಎದ್ದು ರಸ್ತೆಯ ಬದಿಯಲ್ಲಿ ಓಡುವ ಕಾರ್ಮಿಕನಿಗೂ, ಶಾಲೆಯ ಬಯಲಿನಲ್ಲಿ ಎಲ್ಲರಿಗಿಂತ ಹಿಂದೆ ಬಿದ್ದರೂ ಸುತ್ತನ್ನು ಪೂರೈಸುವ ಬಾಲಕಿಗೂ ಚೌಗುಲೆಯವರು ಹಿರಿಯ ಬಂಧುವಿದ್ದಂತೆ.

ದಾರಿ ಇಲ್ಲದೆಡೆಯಲ್ಲಿ ಮೊದಲು ನಡೆಯುವವನ ಹೆಜ್ಜೆ ನಿಧಾನವಾಗಿಯೇ ಇರುತ್ತದೆ. ಮುಳ್ಳುಗಳನ್ನು ತುಳಿಯುವವನೂ ಅವನೇ. ಅವನ ಹಿಂದೆ ಬರುವವರಿಗೆ ಆ ನೆಲವು ಹಾದಿಯಾಗುತ್ತದೆ. ಅವರು ಅವನಿಗಿಂತ ವೇಗವಾಗಿ ಸಾಗುತ್ತಾರೆ. ಅಂತಹ ಹಾದಿಯನ್ನು ತುಳಿದು ಮೂಡಿಸಿದವರ ಸಾಲಿನಲ್ಲಿ ಬೆಳಗಾವಿಯ ಫಡೆಪ್ಪ ಚೌಗುಲೆಯವರ ಹೆಸರು ಸ್ಮರಣೀಯವಾದುದು.